ಕ್ಲೋರಿನ್ ರೂಮಿನ ಶ್ಯಾಮಲಮ್ಮ

ಶ್ಯಾಮಲಮ್ಮನಿಗೆ ನೀರಿನ ಘಟಕದಲ್ಲಿ ಕೆಲಸ ಸಿಕ್ಕಿದ್ದು ಗಂಡ ತೀರಿಕೊಂಡಿದ್ದರಿಂದ. ಆ ಕೆಲಸದ ಮೇಲೆ ಮನಸ್ಸು ಕೂತದ್ದು ಮಾತ್ರ ಒಂದು ಹತ್ತಿಯುಂಡೆಯಿಂದ.

ಗಂಡ ವೇಣುಗೋಪಾಲ್ ಚಿಕ್ಕಬಳ್ಳಾಪುರದ ಹೊರಗೆ, ಸ್ಕಂದಗಿರಿಗೆ ಮುಖ ಮಾಡಿ ನಿಂತಿರುವ ಘಟಕದಲ್ಲಿ ಪಂಪು ನೋಡಿಕೊಳ್ಳುತ್ತಿದ್ದ. ಒಂದು ಭಾನುವಾರ ಮನೆಯ ದ್ರಾಕ್ಷಿ ತೋಟಕ್ಕೆ ಹೋದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ಅನುಕಂಪದ ಮೇಲೆ ಹೆಂಡತಿಗೆ ಕೆಲಸ ಕೊಟ್ಟರು. ಟೀ ತರುವುದು, ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸುವುದು, ಗೇಟಿನ ಹತ್ತಿರ ಯಾರು ಬಂದರೆಂದು ನೋಡುವುದು. ವಿದುರಾಶ್ವತ್ಥದ ಕಡೆಯ ರೈತರ ಮನೆಯಲ್ಲಿ ಹುಟ್ಟಿ, ಅಪ್ಪನ ಜೊತೆ ಬಾವಿಗಿಳಿದು ಪಂಪಿನ ಫುಟ್‌ವಾಲ್ವ್ ಬಿಚ್ಚಿ ಜೋಡಿಸಿ ಬೆಳೆದ ಹೆಣ್ಣಿಗೆ ಈ ಸ್ಟೂಲಿನ ಮೇಲಿನ ಕೆಲಸ ಬೇಸರ ತರಿಸಿತ್ತು. ಕೈಗೆ ಏನಾದರೂ ಬೇಕು ಎಂದು ಜೀವ ಹಂಬಲಿಸುತ್ತಿತ್ತು.

ಒಂದು ಬೆಳಿಗ್ಗೆ ಅಂಗಳದ ಆಚೆ ತುದಿಯ ಕ್ಲೋರಿನ್ ರೂಮಿನಿಂದ ಘಾಟು ಬಂತು. ಊರಿಗೆಲ್ಲ ಕುಡಿಯುವ ನೀರನ್ನು ಶುದ್ಧಿ ಮಾಡುವುದು ಆ ರೂಮಿನ ಅನಿಲವೇ. ನೀರಿಗೆ ಚಿಟಿಕೆಯಷ್ಟು ಬೆರೆತರೆ ಕಾಪಾಡುತ್ತದೆ, ಹೊರಗೆ ನುಗ್ಗಿದರೆ ಉಸಿರು ಕಟ್ಟಿಸುತ್ತದೆ. ಎಲ್ಲರೂ ಗೇಟಿನ ಕಡೆ ಓಡಿದರು. ಶ್ಯಾಮಲಮ್ಮನೂ ಓಡಿದಳು, ಆದರೆ ಗೇಟಿನಲ್ಲಿ ನಿಂತು ತಿರುಗಿ ನೋಡಿದಳು. ಇಂಜಿನಿಯರ್ ಮೋಹನ್‌ಬಾಬು ಮುಖಕ್ಕೆ ಮಾಸ್ಕ್, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಡ್ಡಿ, ಕಡ್ಡಿಯ ತುದಿಗೆ ಅಮೋನಿಯಾದಲ್ಲಿ ಅದ್ದಿದ ಹತ್ತಿಯುಂಡೆ. ಅದನ್ನು ಪೈಪಿನ ಗುಂಟ ನಿಧಾನವಾಗಿ ಆಡಿಸುತ್ತ ಹೋದರು. ಒಂದು ಕೀಲಿನ ಹತ್ತಿರ ಬಂದದ್ದೇ ತಡ, ಎಲ್ಲಿಂದಲೋ ಬೆಳ್ಳಗೆ ಹೊಗೆ ಎದ್ದಿತು. ವಿಷವೇ ‘ಇಗೋ, ನಾನು ಇಲ್ಲಿದ್ದೀನಿ’ ಎಂದು ಕೈಯೆತ್ತಿ ತೋರಿಸಿದ ಹಾಗಿತ್ತು. ಮೋಹನ್‌ಬಾಬು ಸ್ಪ್ಯಾನರ್ ಹಾಕಿ ಬಿಗಿ ಮಾಡಿದರು. ಹೊಗೆ ನಿಂತಿತು.

ಮಧ್ಯಾಹ್ನ ಟೀ ಕೊಡಲು ಹೋದವಳು ಲೋಟ ಇಟ್ಟು ಅಲ್ಲೇ ನಿಂತಳು.

“ಏನಮ್ಮ?” ಎಂದರು ಮೋಹನ್‌ಬಾಬು.

“ಸಾರ್, ಆ ಕೆಲಸ ನಂಗೂ ಕಲಿಸ್ಕೊಡ್ತೀರಾ?”

ಅವರು ನಗಲಿಲ್ಲ. ಟೀ ಕುಡಿದು ಮುಗಿಸುವವರೆಗೂ ಅವಳ ಮುಖ ನೋಡಿದರು. “ಹೆದರಿಕೆ ಇಲ್ವಾ?”

“ಐತೆ ಸಾರ್. ಆದ್ರೆ ಗೇಟತ್ರ ನಿಂತಾಗ ಇನ್ನೂ ಜಾಸ್ತಿ ಆಗಿತ್ತು. ಏನಾಗ್ತೈತೆ ಅಂತ ಗೊತ್ತಿದ್ರೆ ಅಷ್ಟು ಆಗಲ್ಲ ಅನ್ಸುತ್ತೆ.”

“ನಾಳೆಯಿಂದ ಬನ್ನಿ,” ಎಂದರು.

ಕಲಿಯುವುದಕ್ಕೆ ಮೊದಲು ಸೀರೆಯೇ ಅಡ್ಡಬಂತು. ಸೆರಗು ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ, ಏಣಿ ಹತ್ತುವಾಗ ನೆರಿಗೆ ಕಾಲಿಗೆ ತೊಡರುತ್ತದೆ, ತುರುಬಿನ ಮೇಲೆ ಮಾಸ್ಕಿನ ಪಟ್ಟಿ ಕೂರುವುದಿಲ್ಲ. ಪ್ಯಾಂಟು ಶರಟು ಹಾಕಬೇಕು. ಇದನ್ನು ಅತ್ತೆ ಲಕ್ಷ್ಮೀನರಸಮ್ಮನಿಗೆ ಹೇಗೆ ಹೇಳುವುದೆಂದು ಶ್ಯಾಮಲಮ್ಮ ವಾರವಿಡೀ ಒದ್ದಾಡಿದಳು. ನೆಂಟರಂತೂ ಆಗಲೇ ಶುರುಮಾಡಿದ್ದರು: “ಹೆಂಗಸಿಗೆ ಗ್ಯಾಸಿನ ಕೆಲಸ ಯಾಕೆ? ಮನೇಲಿ ಗಂಡು ದಿಕ್ಕಿಲ್ಲ, ಇವಳಿಗೂ ಏನಾದ್ರೂ ಆದ್ರೆ ಆ ಮಗು ಪ್ರಿಯಾಂಕನ ಗತಿ ಏನು?”

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಸೊಸೆಯನ್ನು ಕೂರಿಸಿಕೊಂಡು ಕೇಳಿದಳು. “ನಿಜ ಹೇಳು ಕಣಮ್ಮ. ಆ ಕೆಲಸ ನಿಂಗೆ ಬರ್ತೈತಾ?”

“ಬರ್ತೈತೆ ಅತ್ತೆ. ಬರ್ಸ್ಕೊಳ್ತೀನಿ.”

“ಹಂಗಾದ್ರೆ ಮಾಡು. ಟೀ ಲೋಟ ಎತ್ಕೊಂಡು ಓಡಾಡಕ್ಕೆ ನಮ್ಮ ಮನೆ ಸೊಸೇನೇ ಬೇಕಾ?” ಎಂದವಳೇ ಬಜಾರ್ ರಸ್ತೆಯ ದರ್ಜಿಯ ಅಂಗಡಿಗೆ ತಾನೇ ಕರೆದುಕೊಂಡು ಹೋದಳು. ಅಳತೆ ತೆಗೆಯುವವನಿಗೆ ಹೇಳಿದಳು: “ಬಿಗಿ ಬೇಡಪ್ಪ, ಕೂತು ಏಳಕ್ಕೆ ಆಗ್ಬೇಕು. ಏಣಿ ಹತ್ತೋ ಕೆಲಸ ಅದು.” ದರ್ಜಿ ಯಾರಿಗೆ, ಯಾವ ಕೆಲಸ ಎಂದು ಕೇಳಿದ್ದಕ್ಕೆ, ಕಾಯುತ್ತಿದ್ದ ಗಿರಾಕಿಗಳೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟಳು.

ಕಲಿಕೆ ನಿಧಾನವಾಗಿ ನಡೆಯಿತು. ಕ್ಲೋರಿನ್ ಬರುವುದು ಟನ್ನರ್ ಎಂಬ ದೊಡ್ಡ ಕಬ್ಬಿಣದ ಪೀಪಾಯಿಯಲ್ಲಿ. ಆಳುದ್ದ ಇರುತ್ತದೆ, ಅಡ್ಡಲಾಗಿ ಮಲಗಿಸಿಟ್ಟಿರುತ್ತಾರೆ. ಒಳಗಿರುವುದು ಒತ್ತಡದಲ್ಲಿ ದ್ರವವಾಗಿರುವ ವಿಷ. ಒಂದು ತುದಿಯಲ್ಲಿ ಎರಡು ವಾಲ್ವು, ಒಂದರ ಕೆಳಗೆ ಒಂದು. ಮೇಲಿನದು ಬಿಟ್ಟರೆ ಅನಿಲ, ಕೆಳಗಿನದು ಬಿಟ್ಟರೆ ದ್ರವ. ದ್ರವ ಹೊರಬಿದ್ದರೆ ನೂರಾರು ಪಟ್ಟು ಹಿಗ್ಗಿ ಹಸಿರುಹಳದಿ ಮೋಡವಾಗುತ್ತದೆ. ಗಾಳಿಗಿಂತ ಭಾರ, ಮೇಲೇರುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗುತ್ತದೆ. ಸೋರುವ ಜಾಗಕ್ಕೆ ನೀರು ಹಾಕಬಾರದು. ಹಾಕಿದರೆ ಕಬ್ಬಿಣ ಕೊರೆದು ತೂತು ದೊಡ್ಡದಾಗುತ್ತದೆ. ಒಬ್ಬರೇ ಒಳಗೆ ಹೋಗಬಾರದು. ಬೆನ್ನಿನ ಗಾಳಿ ಮುಗಿಯುತ್ತ ಬಂದಾಗ ಮಾಸ್ಕಿನವರ ಕಿವಿಯ ಹತ್ತಿರ ಶಿಳ್ಳೆ ಕೂಗುತ್ತದೆ. ಶಿಳ್ಳೆ ಕೂಗಿದರೆ ಕೈಯಲ್ಲಿರುವುದು ಏನೇ ಆಗಿರಲಿ, ಬಿಟ್ಟು ಹೊರಗೆ ಬರಬೇಕು.

ಇದೆಲ್ಲ ಮೋಹನ್‌ಬಾಬು ಒಂದೊಂದಾಗಿ ಹೇಳಿಕೊಟ್ಟರು. ಖಾಲಿ ಟನ್ನರಿನ ಮೇಲೆ ಮಾಡಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ ಮಾಡಿಸಿದರು. ಪೆಟ್ಟಿಗೆಯಲ್ಲಿರುವ ತುರ್ತು ಸಾಮಾನು, ಅಂದರೆ ಸೋರುವ ವಾಲ್ವಿನ ಮೇಲೆ ಕವುಚುವ ಉಕ್ಕಿನ ಟೋಪಿ, ಅದರ ಅಡಿಗೆ ಹಾಕುವ ವಾಷರು, ಬಿಗಿಯುವ ಪಟ್ಟಿ, ಇವನ್ನು ಶ್ಯಾಮಲಮ್ಮ ಮನೆಯ ಸಾಂಬಾರ ಡಬ್ಬಿಯ ಹಾಗೆ ಬಲ್ಲವಳಾದಳು. ಕೆಲವು ವರ್ಷದಲ್ಲಿ ಕ್ಲೋರಿನ್ ರೂಮಿನ ಬೀಗದ ಕೈ ಅವಳ ಸೊಂಟಕ್ಕೆ ಬಂತು. ಲಾರಿ ಬಂದರೆ ಅವಳು ಸರಿ ಎನ್ನದೆ ಟನ್ನರ್ ಕೆಳಗಿಳಿಯುತ್ತಿರಲಿಲ್ಲ. ಸರಪಳಿ ಸಡಿಲವಿದೆಯಾ, ಉರುಳದ ಹಾಗೆ ಕೊಟ್ಟ ಮರದ ತುಂಡು ಜರುಗಿದೆಯಾ, ವಾಲ್ವಿನ ಮುಚ್ಚಳ ಭದ್ರವಿದೆಯಾ, ಲಾರಿಯ ಮುಂದೆ ಹಿಂದೆ ಅಪಾಯದ ಫಲಕ ಕಾಣುತ್ತದೆಯಾ ಎಂದು ಸುತ್ತ ನಡೆದು ನೋಡುವಳು.

ಲಾರಿ ತರುತ್ತಿದ್ದವನು ಬಾಗೇಪಲ್ಲಿ ಕಡೆಯ ಗಂಗುಲಪ್ಪ. ಅರ್ಧ ಕನ್ನಡ, ಅರ್ಧ ತೆಲುಗು. ತಿರುಪತಿಗೆ ಹರಕೆ ಹೊತ್ತು ಎದೆಯವರೆಗೂ ಗಡ್ಡ ಬಿಟ್ಟಿದ್ದ.

“ಗಂಗುಲಪ್ಪ, ಬೇಗ ಹೋಗಿ ಮುಡಿ ಕೊಟ್ಟು ಬಾ. ಗಡ್ಡದ ಮೇಲೆ ಮಾಸ್ಕು ಕೂರಲ್ಲ, ಸಂದಿಯಿಂದ ಗ್ಯಾಸು ನುಗ್ತೈತೆ,” ಎಂದು ಶ್ಯಾಮಲಮ್ಮ ಬಂದಾಗಲೆಲ್ಲ ಹೇಳುವಳು.

“ಮಗಳ ಮದುವೆ ಆಗ್ಲಮ್ಮಾ, ಆ ದೇವುಡೇ ಕಾಪಾಡ್ತಾನೆ,” ಎಂದು ಅವನು ನಗುವನು. ಗಡ್ಡದ ವಿಚಾರ ಬಿಟ್ಟರೆ ಅವನೂ ಶಿಸ್ತಿನವನೇ. ಅಂಥ ಸರಕು ಹೇರಿಕೊಂಡು ಊರೊಳಗೆ ನಿಲ್ಲಿಸಿದವನಲ್ಲ, ಯಾರನ್ನೂ ಹಿಂದಿಕ್ಕಲು ಹೋದವನಲ್ಲ. ಅವನು ಕರಾವಳಿಯಿಂದ ಹೊರಟು ತುಮಕೂರು, ಮಧುಗಿರಿ ದಾಟಿ, ಗೌರಿಬಿದನೂರಿನಲ್ಲಿ ಕೆಲವು ಟನ್ನರ್ ಇಳಿಸಿ, ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದ.

ಅವರೆಕಾಯಿಯ ಕಾಲ. ಚಳಿ ಇನ್ನೂ ಬಿಟ್ಟಿರಲಿಲ್ಲ. ಶ್ಯಾಮಲಮ್ಮ ಊಟದ ಡಬ್ಬಿ ತೊಳೆಯುತ್ತಿದ್ದಾಗ ಫೋನು ಬಂತು.

“ಅಮ್ಮಾ, ಗಂಗುಲಪ್ಪ. ಮಂಚೇನಹಳ್ಳಿ ದಾಟಿ ಈ ಕಡೆ ಬಂದಿದೀನಿ. ಎದುರಿಂದ ಬಂದ ಟ್ರ್ಯಾಕ್ಟರ್‌ದು ಟ್ರೈಲರ್ ಕೊಂಡಿ ಕಳಚ್ಕೊಂಡು ಲಾರಿ ಹಿಂಭಾಗಕ್ಕೆ ಗುದ್ಬಿಡ್ತು. ಟ್ರೈಲರ್ ಕಂಬಿ ಬಡ್ದು ಒಂದು ಟನ್ನರ್ ವಾಲ್ವಿನ ಮುಚ್ಚಳ ನುಜ್ಜಾಗೈತೆ. ಹೊಗೆ ಬರ್ತಾ ಐತಮ್ಮಾ.”

ಶ್ಯಾಮಲಮ್ಮನ ಕೈ ಒದ್ದೆಯಾಗಿಯೇ ಇತ್ತು. “ಯಾರಿಗಾದ್ರೂ ಏಟಾಯ್ತಾ?”

“ಲೇದು, ಯಾರಿಗೂ ಇಲ್ಲ. ಟ್ರ್ಯಾಕ್ಟರ್‌ನೋನು ಓಡೋದ. ನಾನು ಎಂಜಿನ್ ಆಫ್ ಮಾಡಿ ದೂರ ಬಂದು ನಿಂತಿದೀನಿ.”

“ಒಳ್ಳೇದು ಮಾಡ್ದೆ. ಗಾಳಿ ಎತ್ಲಾಗೆ ಬೀಸ್ತೈತೆ ನೋಡು.”

ಗಂಗುಲಪ್ಪ ಹಿಡಿ ಧೂಳು ಎತ್ತಿ ಬಿಟ್ಟು ನೋಡಿದ. “ಕೆರೆ ಕಡೆಗೆ. ಏರಿ ಕೆಳಗಡೆ ಊರೈತೆ. ಶಾಲೆ ಐತೆ.”

“ಯಾರ್ನೂ ಕೆರೆ ಕಡೆ ಓಡಕ್ಕೆ ಬಿಡ್ಬೇಡ. ತಗ್ಗಲ್ಲೇ ಅದು ತುಂಬ್ಕೊಳ್ಳೋದು. ಗಾಳಿಗೆ ಅಡ್ಡವಾಗಿ ನಡೆದು ಗುಡ್ಡ ಹತ್ಲಿ. ಮೊದ್ಲು ಶಾಲೆ ಮಕ್ಳು. ಒದ್ದೆ ಬಟ್ಟೆ ಮೂಗಿಗೆ ಹಿಡ್ಕೊಳ್ಳಕ್ಕೆ ಹೇಳು. ಲಾರಿ ಹತ್ರ ಹೋಗ್ಬೇಡ ನೀನು. ಬರ್ತಾ ಇದೀನಿ.”

ಮೋಹನ್‌ಬಾಬು ಆಗಲೇ ಜೀಪಿನ ಕೀಲಿ ಹಿಡಿದು ಬಂದಿದ್ದರು. ಗಾಳಿಯ ಸೆಟ್ಟುಗಳು, ತುರ್ತು ಪೆಟ್ಟಿಗೆ, ಅಮೋನಿಯಾ ಬಾಟಲಿ ಹೇರಿಕೊಂಡು ಹೊರಟರು. ದಾರಿಯುದ್ದಕ್ಕೂ ಅವರು ಪೊಲೀಸಿಗೆ, ಅಗ್ನಿಶಾಮಕದವರಿಗೆ, ಆಸ್ಪತ್ರೆಗೆ ಫೋನು ಮಾಡುತ್ತಲೇ ಇದ್ದರು. ಶ್ಯಾಮಲಮ್ಮ ಜಡೆ ಹೆಣೆದು ಬಿಗಿಯಾಗಿ ಕಟ್ಟಿಕೊಂಡಳು. ಮನಸ್ಸಿನಲ್ಲಿ ಆ ಶಾಲೆಯೊಂದೇ ಇತ್ತು.

ಅಲ್ಲಿ ತಲುಪಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಗುಡ್ಡ. ಗುಡ್ಡದ ಮೇಲೆ ಬಸವಣ್ಣನ ಗುಡಿಯ ಸುತ್ತ ನೀಲಿ ಸಮವಸ್ತ್ರದ ಮಕ್ಕಳು ಗುಂಪಾಗಿ ಕೂತಿದ್ದರು. ಗಂಗುಲಪ್ಪ ಅಡ್ಡ ಹಾದಿಯಲ್ಲಿ ಶಾಲೆಗೆ ಓಡಿ, ಟೀಚರ ಜೊತೆ ನಿಂತು, ಮಕ್ಕಳನ್ನು ಸಾಲಾಗಿ ಹತ್ತಿಸಿದ್ದ. ಊರಿನವರೂ ಹಿಂದೆಯೇ ಹತ್ತಿದ್ದರು. ಅವನ ಕಣ್ಣು ಕೆಂಪಾಗಿತ್ತು, ಮಾತಿಗೊಮ್ಮೆ ಕೆಮ್ಮುತ್ತಿದ್ದ. “ನಿನ್ ಕೆಲಸ ಮುಗೀತು ಗಂಗುಲಪ್ಪ, ಅಂಬುಲೆನ್ಸ್ ಹತ್ತು,” ಎಂದಳು ಶ್ಯಾಮಲಮ್ಮ. ಆ ಮಾತಿನಲ್ಲಿ ಮೆಚ್ಚುಗೆ ಎಷ್ಟಿತ್ತೆಂದರೆ ಅವನು ಕೆಮ್ಮುತ್ತಲೇ ನಕ್ಕು ಹತ್ತಿದ.

ರಸ್ತೆಬದಿಯ ಒಂದು ಮನೆಯ ಮುಂದೆ ಮಾತ್ರ ಪೇದೆಯೊಬ್ಬ ವಾದ ಮಾಡುತ್ತಿದ್ದ. ಮನೆಯ ಯಜಮಾನ ಆವಲಪ್ಪ ರೇಷ್ಮೆಹುಳದ ಮನೆಯ ಕಿಟಕಿ ಸಂದಿಗೆ ಒದ್ದೆ ಗೋಣಿ ತುರುಕುತ್ತಿದ್ದ. “ಹುಳ ಹಣ್ಣಾಗೈತೆ, ಗೂಡು ಕಟ್ಟಕ್ಕೆ ಈಗ ಚಂದ್ರಿಕೆ ತಟ್ಟೆಗೆ ಬಿಡ್ಬೇಕು. ಬಿಟ್ಟು ಎಲ್ಲಿಗ್ ಹೋಗ್ಲಿ? ಸತ್ರೆ ಇಲ್ಲೇ ಸಾಯ್ತೀನಿ,” ಎನ್ನುತ್ತಿದ್ದ.

ಶ್ಯಾಮಲಮ್ಮ ಜೀಪಿನಿಂದ ಇಳಿದಳು. “ಯಜಮಾನ್ರೇ, ನಮ್ಮಪ್ಪನ ಮನೇಲೂ ಹುಳ ಮೇಯಿಸ್ತಿದ್ವಿ. ಕಿಟಕಿ ಮುಚ್ಚಿದ್ದೀರಲ್ಲ, ಹುಳಕ್ಕೆ ನೀವು ಮಾಡೋದು ಅಷ್ಟೇ. ಮಿಕ್ಕಿದ್ದು ನಾನು ಮಾಡ್ತೀನಿ. ನೀವು ಗುಡ್ಡ ಹತ್ತಿ.”

ಮುದುಕ ಅವಳ ಪ್ಯಾಂಟು, ಬೂಟು, ಬೆನ್ನಿನ ಸಿಲಿಂಡರ್ ನೋಡಿದ. “ನೀನಾ?”

“ಹೂಂ, ನಾನೇ.”

ಅವನು ಹೆಗಲ ಮೇಲಿನ ಟವೆಲ್ಲು ಒದ್ದೆ ಮಾಡಿ ಮೂಗಿಗೆ ಹಿಡಿದು ನಡೆದ.

ಲಾರಿಯ ಹಿಂದೆ ನೆಲದ ಮೇಲೆ ಹಸಿರುಹಳದಿ ಮೋಡ ಹಾಸಿಕೊಂಡಿತ್ತು. ಅದು ಅವಸರವಿಲ್ಲದೆ ಅವರೆ ಹೊಲದ ಮೇಲೆ ತೆವಳುತ್ತ ಕೆರೆಯ ಕಡೆ ಇಳಿಯುತ್ತಿತ್ತು. ಗೌರಿಬಿದನೂರಿನಿಂದ ಬಂದಿದ್ದ ಅಗ್ನಿಶಾಮಕ ದಳದ ಕೋನಪ್ಪ ನೀರಿನ ಪೈಪು ಬಿಡಿಸಿಕೊಂಡು ಸಿದ್ಧನಾಗಿದ್ದ. “ಟನ್ನರ್ ಮೇಲೆ ಹೊಡೆಯಲ್ಲ ಮೇಡಂ, ಗೊತ್ತು. ಮೋಡದ ಮುಂದೆ ಪರದೆ ಥರ ನೀರು ಎಬ್ಬಿಸ್ತೀವಿ, ಊರಿಗೆ ಹೋಗೋದು ಕಮ್ಮಿ ಆಗ್ತೈತೆ,” ಎಂದ. ಮೋಹನ್‌ಬಾಬು ಹೂಂ ಎಂದರು. ಪೈಪನ್ನು ತನ್ನವರಿಗೆ ಕೊಟ್ಟು ಕೋನಪ್ಪನೂ ಮಾಸ್ಕ್ ಕಟ್ಟಿಕೊಂಡ. ಗಾಳಿಗೆ ಬೆನ್ನು ಕೊಟ್ಟು ಮೂವರೂ ಲಾರಿಯ ಕಡೆ ನಡೆದರು.

ಬಾಗಿದ್ದು ಕೆಳಗಿನ ವಾಲ್ವು. ಅದರ ಬುಡದಿಂದ ದ್ರವ ಚಿಮ್ಮುತ್ತಿತ್ತು. ಬಿದ್ದ ಕಡೆಯೆಲ್ಲ ಮಂಜು ಕಟ್ಟಿತ್ತು. ಮೋಹನ್‌ಬಾಬು ಶ್ಯಾಮಲಮ್ಮನ ಕಡೆ ನೋಡಿ ಕೈಯನ್ನು ಗಾಳಿಯಲ್ಲಿ ಸುತ್ತಿಸಿದರು. ಅವಳೂ ತಲೆಯಾಡಿಸಿದಳು. ಟನ್ನರನ್ನೇ ಹೊರಳಿಸಬೇಕು, ಕೆಳಗಿನದು ಮೇಲಕ್ಕೆ ಬಂದರೆ ದ್ರವ ನಿಲ್ಲುತ್ತದೆ, ಅನಿಲ ಮಾತ್ರ ಬರುತ್ತದೆ. ಪಕ್ಕದ ಟನ್ನರುಗಳು ಗೌರಿಬಿದನೂರಿನಲ್ಲಿ ಇಳಿದಿದ್ದರಿಂದ ಜಾಗವಿತ್ತು. ಶ್ಯಾಮಲಮ್ಮ ಸರಪಳಿ ಬಿಚ್ಚಿ, ಮರದ ತುಂಡನ್ನು ಹೊರಳುವಷ್ಟೇ ದೂರಕ್ಕೆ ಸರಿಸಿ ಇಟ್ಟಳು. ಕೋನಪ್ಪ, ಮೋಹನ್‌ಬಾಬು ಹಾರೆ ಕೊಟ್ಟು ಮೀಟಿದರು. ಟನ್ನರ್ ಅಲುಗಲಿಲ್ಲ. ಅವಳೂ ಹಾರೆಗೆ ಹೆಗಲು ಕೊಟ್ಟಳು. ಕಬ್ಬಿಣ ನರಳಿತು, ಮಿಸುಕಿತು, ಭಾರವಾಗಿ ಅರ್ಧ ಸುತ್ತು ಹೊರಳಿ ತುಂಡಿಗೆ ತಗುಲಿ ನಿಂತಿತು. ಚಿಮ್ಮುತ್ತಿದ್ದದ್ದು ತಟ್ಟನೆ ನಿಂತು ತೆಳ್ಳನೆ ಹೊಗೆ ಮಾತ್ರ ಉಳಿಯಿತು.

ಇನ್ನು ಟೋಪಿ ಹಾಕಬೇಕು. ನುಜ್ಜಾದ ಮುಚ್ಚಳ ಕಿತ್ತು ಬರುವುದಕ್ಕೇ ಬಹಳ ಹೊತ್ತು ಹಿಡಿಯಿತು. ಶ್ಯಾಮಲಮ್ಮ ವಾಷರು ಕೂರಿಸಿದಳು, ಉಕ್ಕಿನ ಟೋಪಿ ಕವುಚಿದಳು, ಪಟ್ಟಿಯನ್ನು ಸುತ್ತಿ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು. ಒಂದೆರಡು ಸುತ್ತು ಬಿಗಿದಿರಬೇಕು, ಕಿವಿಯ ಹತ್ತಿರ ಶಿಳ್ಳೆ ಕೂಗಿತು.

ಅವಳ ಕೈ ನಿಲ್ಲಲಿಲ್ಲ. ಇಷ್ಟು ದೂರ ಬಂದಾಯಿತು, ಇನ್ನು ನಾಲ್ಕು ಸುತ್ತು, ಅಷ್ಟೇ. ಗುಡ್ಡದ ಮೇಲೆ ಮಕ್ಕಳು ಕೂತಿವೆ. ಬಿಟ್ಟು ಹೋದರೆ ಟೋಪಿ ಜರುಗಿ ಎಲ್ಲ ಮೊದಲಿನಿಂದ ಮಾಡಬೇಕಾಗಬಹುದು. ಇನ್ನೊಂದು ಸುತ್ತು ಹಾಕಿದಳು. ಹೆಗಲ ಮೇಲೆ ಮೋಹನ್‌ಬಾಬುವಿನ ಕೈ ಬಿತ್ತು. ಅವರು ಎಳೆಯಲಿಲ್ಲ, ಸುಮ್ಮನೆ ಇಟ್ಟರು. ಖಾಲಿ ಟನ್ನರಿನ ಮೇಲೆ ಅಭ್ಯಾಸ ಮಾಡಿಸುವಾಗಲೂ ಹೀಗೇ ಇಡುತ್ತಿದ್ದರು. ಶ್ಯಾಮಲಮ್ಮನಿಗೆ ನಾಚಿಕೆಯಾಯಿತು. ಸ್ಪ್ಯಾನರನ್ನು ಅಲ್ಲೇ ಬಿಟ್ಟು ಇಳಿದು, ಗಾಳಿಗೆ ಎದುರಾಗಿ ನಡೆದು ದೂರ ಬಂದಳು.

ಸಿಲಿಂಡರ್ ಬದಲಾಯಿಸಿಕೊಂಡಳು. ನೀರು ಕುಡಿದಳು. ಆಮೇಲೆ ಮತ್ತೆ ಹೋದರು. ಟೋಪಿ ಇಟ್ಟಲ್ಲೇ ಇತ್ತು. ಉಳಿದ ಸುತ್ತುಗಳನ್ನು ಅವಸರವಿಲ್ಲದೆ, ಒಂದು ಬದಿ ಸ್ವಲ್ಪ, ಇನ್ನೊಂದು ಬದಿ ಸ್ವಲ್ಪ ಬಿಗಿದಳು.

ಹತ್ತಿಯುಂಡೆಯನ್ನು ಅಮೋನಿಯಾದಲ್ಲಿ ಅದ್ದಿ ಟೋಪಿಯ ಸುತ್ತ ಆಡಿಸಿದಳು. ಬಿಳಿ ಹೊಗೆ ಏಳಲಿಲ್ಲ. ಇನ್ನೊಂದು ಸಲ ಸುತ್ತು ಹಾಕಿಸಿದಳು. ಏಳಲಿಲ್ಲ. ಮಾಸ್ಕಿನ ಗಾಜಿನ ಹಿಂದೆ ಮೋಹನ್‌ಬಾಬು ನಕ್ಕದ್ದು ಕಾಣಿಸಿತು.

ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಟನ್ನರನ್ನು ಮತ್ತೆ ಸರಪಳಿಯಿಂದ ಬಿಗಿದು, ಗಾಳಿಯೆಲ್ಲ ತಿಳಿಯಾದ ಮೇಲೆ, ತರಬೇತಾದ ಬೇರೊಬ್ಬ ಚಾಲಕನನ್ನು ಕರೆಸಿ, ಮುಂದೆ ಪೊಲೀಸ್ ಜೀಪು, ಹಿಂದೆ ತಮ್ಮ ಜೀಪು, ನಡಿಗೆಯ ವೇಗದಲ್ಲಿ ಘಾಟಿ ಹತ್ತಿಸಿದರು. ಘಟಕಕ್ಕೆ ಬಂದ ಮೇಲೆ ಒಳಗಿದ್ದ ಅನಿಲವನ್ನು ಕಾಸ್ಟಿಕ್ ಸೋಡಾ ಕರಗಿಸಿದ ನೀರಿನ ತೊಟ್ಟಿಗೆ ಬಿಟ್ಟು ವಿಷ ಮುರಿದರು.

ಊರಿನ ಕೆಲವರು ಕೆಮ್ಮುತ್ತ ಆಸ್ಪತ್ರೆಗೆ ಸೇರಿದ್ದರು, ಅವರಲ್ಲಿ ಎಲ್ಲರಿಗಿಂತ ಹೆಚ್ಚು ಕೆಮ್ಮಿದವನು ಗಂಗುಲಪ್ಪ. ಆಮ್ಲಜನಕ ಹಾಕಿ ನೋಡಿಕೊಂಡರು. ಎರಡು ದಿನ ಬಿಟ್ಟು ಎಲ್ಲರೂ ನಡೆದುಕೊಂಡೇ ಮನೆಗೆ ಹೋದರು. ಅವರೆ ಗಿಡದ ಎಲೆ ಬಿಳಿಚಿಕೊಂಡವು, ತೆಂಗಿನ ಗರಿ ಸುಟ್ಟಂತಾದವು. ಆವಲಪ್ಪನ ಹುಳ ಬದುಕಿದವು. ಶಿಡ್ಲಘಟ್ಟಕ್ಕೆ ಗೂಡು ಮಾರಲು ಹೋದ ದಿನ ಅವನು ಬಸ್ಸಿಳಿದು ಘಟಕ ಹುಡುಕಿಕೊಂಡು ಬಂದ. ಕೈಚೀಲದಲ್ಲಿ ಒಂದಿಷ್ಟು ಗೂಡು. “ಇಟ್ಕೊಳಮ್ಮ. ಮಾರಕ್ಕಲ್ಲ, ನೋಡಕ್ಕೆ,” ಎಂದು ಅವಳ ಬೊಗಸೆಗೆ ಸುರಿದ. ಬೊಗಸೆ ತುಂಬ ಹಗುರವಾಗಿ ಹಳದಿ ಗೂಡು. ಆ ದಿನ ಬಾರದಿದ್ದ ಅಳು ಆಗ ಬಂತು.

ಬೇಸಿಗೆಗೆ ಮೊದಲು, ಇಂಥ ಸರಕು ಸಾಗಿಸುವ ಚಾಲಕರಿಗೆ ಊರಿನ ಸಭಾಂಗಣವೊಂದರಲ್ಲಿ ತರಬೇತಿ ಇಟ್ಟರು. ಪಾಠ ಮಾಡುವವರು ಯಾರೆಂದು ಕೇಳಿದ್ದಕ್ಕೆ ಮೋಹನ್‌ಬಾಬು ಶ್ಯಾಮಲಮ್ಮನ ಹೆಸರು ಕೊಟ್ಟಿದ್ದರು. ಲಕ್ಷ್ಮೀನರಸಮ್ಮ ತಾನೂ ಬರುತ್ತೇನೆಂದು ಹಟ ಹಿಡಿದು, ಮೊಮ್ಮಗಳ ಕೈ ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಳು. ಪಕ್ಕದ ಚಾಲಕನಿಗೆ, ಅವನು ಕೇಳದಿದ್ದರೂ, “ನಮ್ ಸೊಸೆ,” ಎಂದಳು.

ಹಿಂದಿನ ಸಾಲಿನಿಂದ ಚಿಂತಾಮಣಿಯ ಚಾಲಕನೊಬ್ಬ ಎದ್ದ. “ಅಮ್ಮ, ಆವತ್ತು ನಿಮಗೆ ಹೆದರಿಕೆ ಆಗ್ಲಿಲ್ವಾ?”

“ಆಯ್ತಪ್ಪ. ಆಗ್ಬೇಕು. ಹೆದರಿಕೆ ಇರೋನು ಸರಪಳಿ ಎರಡು ಸಲ ನೋಡ್ತಾನೆ, ಶಿಳ್ಳೆ ಕೂಗಿದ್ರೆ ಆಚೆ ಬರ್ತಾನೆ. ನಾನು ಆವತ್ತು ಆಚೆ ಬರ್ದೇನೆ ಒಂದು ಸುತ್ತು ಜಾಸ್ತಿ ಹಾಕ್ದೆ. ತಪ್ಪು. ನೀವು ಹಾಕ್ಬೇಡಿ,” ಎಂದಳು ಶ್ಯಾಮಲಮ್ಮ.

ಕೊನೆಯ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ ಮೋಹನ್‌ಬಾಬು ತಲೆ ಬಾಗಿಸಿದರು.

ಅವಳು ಮೇಜಿನ ಮೇಲಿದ್ದ ವಾಲ್ವನ್ನು ಎರಡೂ ಕೈಯಲ್ಲಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು. “ಮುಂದಕ್ಕೆ ಬನ್ನಿ. ದೂರದಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಬಂದು ಮುಟ್ಟಿ ನೋಡಿ.”

ಕುರ್ಚಿಗಳು ಸದ್ದು ಮಾಡಿದವು. ಒಬ್ಬೊಬ್ಬರೇ ಎದ್ದು ಬಂದು ಅವಳ ಸುತ್ತ ನಿಂತರು.